ರೈಲು ಕಟ್ಟಿದ ಊರು ಟೋಸ್ಟ್ರುಪ್, ಮತ್ತು ನಮ್ಮ ಹೊಸೂರು

ಎಂಟನೇ ತರಗತಿಯ ಸಮಾಜ ಪಾಠದಲ್ಲಿ ಯುರೋಪಿಯನ್ನರ ಆಗಮನದ ಅಧ್ಯಾಯ ಬರುತ್ತದೆ. ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು, ಡೇನರು, ಫ್ರೆಂಚರು. ಇವರಲ್ಲಿ ಡೇನರ ಪಾಲಿಗೆ ಸಿಗುವುದು ನಾಲ್ಕೇ ಸಾಲು. 1620ರಲ್ಲಿ ತರಂಗಂಬಾಡಿಗೆ ಬಂದರು, ಕೋಟೆ ಕಟ್ಟಿದರು, 1845ರಲ್ಲಿ ಇಂಗ್ಲಿಷರಿಗೆ ಮಾರಿ ಹೋದರು. ನಾವು ಎಷ್ಟೋ ವರ್ಷಗಳಿಂದ ಆ ನಾಲ್ಕು ಸಾಲು ಓದಿಸಿ, ಎರಡು ಇಸವಿ ಬಾಯಿಪಾಠ ಮಾಡಿಸಿ, ಪುಟ ತಿರುಗಿಸುತ್ತಾ ಬಂದಿದ್ದೇವೆ.

ಈ ವರ್ಷ ಹಾಗೆ ತಿರುಗಿಸಲು ಆಗಲಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಾರಿ ಹೋದ್ರಲ್ಲಾ ಸಾರ್, ಆಮೇಲೆ ಅವ್ರು ಏನ್ ಮಾಡಿದ್ರು?" ಎಂದು ಕೇಳಿಬಿಟ್ಟಳು. ತರಗತಿ ನಕ್ಕಿತು. ನಾವೂ ನಕ್ಕೆವು. ಆದರೆ ಉತ್ತರ ಗೊತ್ತಿರಲಿಲ್ಲ. "ನಾಳೆ ಹೇಳ್ತೀವಿ ಕೂತ್ಕೋಮ್ಮಾ" ಎಂದು ತಪ್ಪಿಸಿಕೊಂಡೆವು. ಸ್ಟಾಫ್ ರೂಮಿನಲ್ಲಿ ಕೇಳಿದರೆ ಅಲ್ಲಿಯೂ ಯಾರಿಗೂ ಗೊತ್ತಿಲ್ಲ!

ಆಗ ನೆನಪಾದವನು ನಮ್ಮ ಹಳೆಯ ವಿದ್ಯಾರ್ಥಿ. ಒಂದರಿಂದ ಹತ್ತರವರೆಗೆ ನಮ್ಮಲ್ಲೇ ಕನ್ನಡದಲ್ಲಿ ಓದಿದವನು. ಈಗ ಹೆಂಡತಿ, ಮಗಳ ಜೊತೆ ಡೆನ್ಮಾರ್ಕಿನಲ್ಲಿದ್ದಾನೆ. ಯುಗಾದಿಗೆ, ಶಿಕ್ಷಕರ ದಿನಕ್ಕೆ ತಪ್ಪದೆ ಫೋನ್ ಮಾಡುತ್ತಾನೆ. ಈ ಸಲ ನಾವೇ ಮಾಡಿದೆವು. ಪ್ರಶ್ನೆ ಕೇಳಿ ಅವನೂ ನಕ್ಕ. "ಸಾರ್, ಅವ್ರು ರೈಲು ಬಿಟ್ರು. ನಾನಿರೋ ಊರೇ ಆ ರೈಲಿಂದ ಆದದ್ದು. ಒಂದು ಥರ ನಮ್ಮ ಹೊಸೂರ ಹಾಗೇ ಇದೆ" ಎಂದ. ಆ ಕೊನೆಯ ಮಾತು ನಮ್ಮ ತಲೆಯಲ್ಲಿ ಉಳಿಯಿತು. ಅಲ್ಲಿಂದ ಎರಡು ವಾರ ಅವನು ಹೇಳಿದ್ದು, ನಾವು ಹುಡುಕಿ ಓದಿದ್ದು, ಮಕ್ಕಳ ಜೊತೆ ಮಾತಾಡಿದ್ದು ಎಲ್ಲ ಸೇರಿ ಈ ಬರಹ.

ಅವನ ಊರಿನ ಹೆಸರು ಟೋಸ್ಟ್ರುಪ್. ರಾಜಧಾನಿ ಕೋಪನ್‌ಹೇಗನ್ನಿನಿಂದ ಪಶ್ಚಿಮಕ್ಕೆ ಸುಮಾರು 20 ಕಿ.ಮೀ. ಅಲ್ಲಿ ಇಂಥ "ರುಪ್" ಬಾಲದ ಊರುಗಳು ನೂರಾರು. ಅದು "ಟಾರ್ಪ್" ಎಂಬ ಹಳೆಯ ಮಾತಿನಿಂದ ಬಂದದ್ದಂತೆ. ದೊಡ್ಡ ಊರಿನಿಂದ ಒಡೆದು ಬೇರೆ ಕೂತ ಸಣ್ಣ ಹಳ್ಳಿ ಎಂದು ಅರ್ಥ. ನಮ್ಮಲ್ಲಿ ಹೆಸರಿನ ಕೊನೆಗೆ ಹಳ್ಳಿ, ಪಾಳ್ಯ ಸೇರುವುದಿಲ್ಲವೇ, ಹಾಗೆ.

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. 1845ರಲ್ಲಿ ಡೆನ್ಮಾರ್ಕಿನವರು ತರಂಗಂಬಾಡಿಯನ್ನೂ ಬಂಗಾಳದ ಶ್ರೀರಾಮಪುರವನ್ನೂ ಸೇರಿಸಿ ಹನ್ನೆರಡೂವರೆ ಲಕ್ಷ ರೂಪಾಯಿಗೆ ಈಸ್ಟ್ ಇಂಡಿಯಾ ಕಂಪೆನಿಗೆ ಮಾರಿದರು. ಅದಾಗಿ ಎರಡೇ ವರ್ಷ, 1847ರ ಜೂನ್ 26ರಂದು, ಕೋಪನ್‌ಹೇಗನ್ನಿನಿಂದ ರೋಸ್ಕಿಲ್ಡೆಗೆ ಅವರ ಮೊದಲ ರೈಲು ಹಾದಿ ಉದ್ಘಾಟನೆಯಾಯಿತು. ದೊರೆ ಎಂಟನೇ ಕ್ರಿಶ್ಚಿಯನ್ ಇನ್ನೂ ಬದುಕಿದ್ದ ಕಾಲ. ಹಾದಿ ಕಟ್ಟಿದ್ದು ಒಂದು ಖಾಸಗಿ ಕಂಪೆನಿ. ಎಂಜಿನ್‌ಗಳು ಇಂಗ್ಲೆಂಡಿನ ಮ್ಯಾಂಚೆಸ್ಟರಿನಿಂದ ಬಂದವು. ಮೊದಲನೆಯದಕ್ಕೆ ಅವರ ಹಳೆಯ ದೇವರ ಹೆಸರು, ಓಡಿನ್. ಹಾದಿಯ ಉದ್ದ ಸುಮಾರು 30 ಕಿ.ಮೀ. ನಮ್ಮ ಬೊಂಬಾಯಿ-ಠಾಣೆ ರೈಲು ಓಡಿದ್ದು 1853ರಲ್ಲಿ. ಅಂದರೆ ಅವರದು ನಮಗಿಂತ ಆರು ವರ್ಷ ಮುಂಚೆ, ಅಷ್ಟೇ.

ರೋಸ್ಕಿಲ್ಡೆ ಹಳೆಯ ಪಟ್ಟಣ. ಡೆನ್ಮಾರ್ಕಿನ ರಾಜರ ಸಮಾಧಿಗಳಿರುವ ದೊಡ್ಡ ಚರ್ಚು ಅಲ್ಲಿದೆ. ರಾಜಧಾನಿಗೂ ಅದಕ್ಕೂ ನಡುವೆ ಇದ್ದದ್ದು ಬಯಲು, ಹೊಲ, ಅಲ್ಲೊಂದು ಇಲ್ಲೊಂದು ಹಳ್ಳಿ. ಚರ್ಚಿದ್ದ ಹಳ್ಳಿ ಹೊಯೆ ಟೋಸ್ಟ್ರುಪ್. "ಹೊಯೆ" ಎಂದರೆ ಎತ್ತರದ್ದು, ನಮ್ಮ ಮೇಲೂರು ಇದ್ದಂತೆ. ಆದರೆ ರೈಲು ಹಾದಿಯವರಿಗೆ ಚರ್ಚು ಎಲ್ಲಿದೆ ಎಂಬುದು ಮುಖ್ಯವಲ್ಲ. ಅವರಿಗೆ ಬೇಕಾದದ್ದು ಸಮತಟ್ಟಾದ ನೇರ ಹಾದಿ, ಗಾಡಿಗಳು ಬಂದು ಸೇರಲು ಒಂದು ರಸ್ತೆ. ಹಾಗಾಗಿ ಚರ್ಚಿನ ಹಳ್ಳಿಯಿಂದ ಪೂರ್ವಕ್ಕೆ ಸರಿದು, ವಾಲ್ಬ್ಯು ಎಂಬ ಇನ್ನೊಂದು ಸಣ್ಣ ಹಳ್ಳಿಯ ಹತ್ತಿರ ಹೊಲದಲ್ಲಿ ಸ್ಟೇಷನ್ ಕಟ್ಟಿದರು. ಹೆಸರು ಮಾತ್ರ ಟೋಸ್ಟ್ರುಪ್ ಎಂದೇ ಇಟ್ಟರು. ಮೇಲೂರಿನ ಹೆಸರು ಹೊತ್ತುಕೊಂಡು ಬಯಲಿನಲ್ಲಿ ಒಂದು ಹೊಸ ಊರು ಹುಟ್ಟಿತು.

ಡೇನಿಷ್ ಭಾಷೆಯಲ್ಲಿ ಇಂಥ ಊರಿಗೇ ಒಂದು ಪದವಿದೆ. "ಸ್ಟೇಷನ್ಸ್‌ಬ್ಯು" ಎನ್ನುತ್ತಾರೆ, ಸ್ಟೇಷನ್ ಊರು ಎಂದು. ಮುಂದಿನ ಐವತ್ತು ಅರವತ್ತು ವರ್ಷಗಳಲ್ಲಿ ಆ ದೇಶದ ಉದ್ದಗಲಕ್ಕೂ ನೂರಾರು ಸ್ಟೇಷನ್ ಊರುಗಳು ಎದ್ದವು. ಅವುಗಳ ಚಹರೆ ಬಹುಪಾಲು ಒಂದೇ. ಸ್ಟೇಷನ್ನಿನ ಎದುರು ಒಂದು ಛತ್ರ ಅಥವಾ ಹೋಟೆಲು, ಅಂಚೆ ಕಚೇರಿ, ಧಾನ್ಯ ಮತ್ತು ಗೊಬ್ಬರದ ವ್ಯಾಪಾರಿ, ಕಮ್ಮಾರ, ಡಾಕ್ಟರು, ಔಷಧಿ ಅಂಗಡಿ, ಉಳಿತಾಯದ ಬ್ಯಾಂಕು, ಹಾಲಿನ ಡೈರಿ. ಇರಲಾರದ್ದು ಒಂದೇ, ಹಳೆಯ ಚರ್ಚು. ಅದು ಹಳೆಯ ಹಳ್ಳಿಯಲ್ಲೇ ಉಳಿಯಿತು.

ಹಾಲಿನ ಡೈರಿ ಎಂದಾಗ ಮಕ್ಕಳ ಕಿವಿ ನೆಟ್ಟಗಾಯಿತು. ನಮ್ಮಲ್ಲಿ ಅರ್ಧ ಮನೆಗಳು ಹಾಲು ಹಾಕಿ ಬದುಕಿದವು. 1870ರ ದಶಕದಿಂದ ಅಮೆರಿಕದ, ರಷ್ಯಾದ ಅಗ್ಗದ ಗೋಧಿ ಯುರೋಪಿಗೆ ಬಂದು ಸುರಿಯಿತು. ಡೆನ್ಮಾರ್ಕಿನ ರೈತನ ಧಾನ್ಯಕ್ಕೆ ಬೆಲೆಯೇ ಇಲ್ಲದಾಯಿತು. ಆಗ ಅವರು ಹಸು, ಹಂದಿ ಸಾಕಣೆಗೆ ತಿರುಗಿದರು. 1882ರಲ್ಲಿ ಪಶ್ಚಿಮದ ಯೇಡಿಂಗ್ ಎಂಬ ಹಳ್ಳಿಯಲ್ಲಿ ರೈತರೇ ಸೇರಿ ಮೊದಲ ಸಹಕಾರಿ ಡೈರಿ ಕಟ್ಟಿದರು. ಕೆಲವೇ ವರ್ಷಗಳಲ್ಲಿ ಅಂಥವು ದೇಶದ ತುಂಬ ಆದವು. ಬೆಣ್ಣೆ ಇಂಗ್ಲೆಂಡಿಗೆ ಹೋಗಬೇಕು, ಕೆಡುವ ಮುಂಚೆ ಹೋಗಬೇಕು. ಅದನ್ನು ಬಂದರಿಗೆ ಮುಟ್ಟಿಸಿದ್ದು ರೈಲು.

ಇಲ್ಲಿ ನಮ್ಮ ಹೊಸೂರಿನ ಮಾತು ಒಂದಿಷ್ಟು ಹೇಳಲೇಬೇಕು. ದೂರದ ಓದುಗರಿಗೆ ಗೊತ್ತಿರಲಾರದು, ಹೊಸೂರಿಗೆ ಬಹಳ ಹಿಂದೆಯೇ ಒಂದು ಪುಟ್ಟ ರೈಲಿತ್ತು. ಎರಡೂವರೆ ಅಡಿ ಅಗಲದ ಹಳಿ. ಮೊರಪ್ಪೂರಿನಿಂದ ಧರ್ಮಪುರಿಗೆ 1906ರಲ್ಲಿ ಬಂದು, 1913ರಲ್ಲಿ ಹೊಸೂರು ಮುಟ್ಟಿತು. ಅದನ್ನು ನೋಡಿದ್ದ ಅಜ್ಜಂದಿರು ನಮ್ಮ ಚಿಕ್ಕಂದಿನಲ್ಲಿ ಇದ್ದರು. ಏರು ಬಂದರೆ ಇಳಿದು ಪಕ್ಕದಲ್ಲೇ ನಡೆದುಕೊಂಡು ಹೋಗಿ ಮತ್ತೆ ಹತ್ತಬಹುದಿತ್ತಂತೆ! ಎರಡನೇ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ಆ ರೈಲು ನಿಂತಿತು. ಹಳಿಗಳನ್ನೇ ಕಿತ್ತರು. ಸ್ವಾತಂತ್ರ್ಯದ ನಂತರ ಬೆಂಗಳೂರು-ಸೇಲಂ ಹಾದಿ ಬರುವವರೆಗೆ ಹೊಸೂರಿಗೆ ರೈಲಿರಲಿಲ್ಲ. ಹೀಗೆ ಅವರ ಊರನ್ನು ರೈಲು ಬೆಳೆಸಿತು, ನಮ್ಮ ಊರನ್ನು ರೈಲು ಕೈಬಿಟ್ಟಿತು. ನಮ್ಮ ಊರನ್ನು ಬೆಳೆಸಿದ್ದು ಆಮೇಲೆ ಬಂದ ಸಿಪ್ಕಾಟ್ ಕೈಗಾರಿಕಾ ಬಡಾವಣೆ, ಹೆದ್ದಾರಿ, ಮತ್ತು 40 ಕಿ.ಮೀ. ದೂರದಲ್ಲಿ ಊದುತ್ತಾ ಹೋದ ಬೆಂಗಳೂರು.

ಟೋಸ್ಟ್ರುಪ್‌ಗೂ ಆಮೇಲೆ ರಾಜಧಾನಿಯ ಗಾಳಿ ಬೀಸಿತು. ಕೋಪನ್‌ಹೇಗನ್ನಿನಲ್ಲಿ ವಿದ್ಯುತ್ತಿನ ಉಪನಗರ ರೈಲು 1934ರಲ್ಲಿ ಶುರುವಾಯಿತು. ಯುದ್ಧ ಮುಗಿದ ಮೇಲೆ ನಗರ ನಾಲ್ಕು ದಿಕ್ಕಿಗೂ ಚೆಲ್ಲಿಕೊಳ್ಳುವುದು ಖಚಿತವಾಯಿತು. ಆಗ ಸ್ಟೀನ್ ಐಲರ್ ರಾಸ್ಮುಸೆನ್, ಪೀಟರ್ ಬ್ರೆಡ್ಸ್‌ಡಾರ್ಫ್ ಮೊದಲಾದ ನಗರ ಯೋಜಕರು ಸೇರಿ 1947ರಲ್ಲಿ ಒಂದು ನಕ್ಷೆ ತಯಾರಿಸಿದರು. ಅದು ಒಂದು ಅಂಗೈಯ ಚಿತ್ರ! ಅಂಗೈ ಹಳೆಯ ನಗರ. ಐದು ಬೆರಳು ಐದು ರೈಲು ಹಾದಿ. ಮನೆಗಳು, ಶಾಲೆಗಳು, ಅಂಗಡಿಗಳು ಬೆರಳುಗಳ ಉದ್ದಕ್ಕೇ ಬೆಳೆಯಬೇಕು, ಸ್ಟೇಷನ್ನಿಗೆ ನಡೆಯುವಷ್ಟು ಹತ್ತಿರ ಇರಬೇಕು. ಬೆರಳುಗಳ ನಡುವಿನ ಸಂದಿಯಲ್ಲಿ ಹೊಲ, ಕಾಡು ಉಳಿಯಬೇಕು. ಅವರು ಇದನ್ನು ಬೆರಳು ಯೋಜನೆ ಎಂದೇ ಕರೆದರು. ಟೋಸ್ಟ್ರುಪ್ ಇರುವುದು ರೋಸ್ಕಿಲ್ಡೆ ಬೆರಳಿನ ಮೇಲೆ.

ನಾವು ಈ ಪಾಠವನ್ನು ಬೋರ್ಡಿನ ಮೇಲೆ ಕೈಯಿಟ್ಟು ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆದು ಹೇಳಿದೆವು. ಮಕ್ಕಳಿಗೆ ಭಾರಿ ಖುಷಿ. ಆಮೇಲೆ ಎಲ್ಲರೂ ತಂತಮ್ಮ ನೋಟ್‌ಬುಕ್ಕಿನಲ್ಲಿ ಕೈ ಬಿಡಿಸಿ ಹೊಸೂರು ಬರೆದರು. ಒಬ್ಬ ಹುಡುಗ ಬೆರಳುಗಳ ಸಂದಿಯಲ್ಲೂ ಮನೆ ಬಿಡಿಸಿದ. ಯಾಕೋ ಎಂದರೆ, "ನಮ್ಮೂರಲ್ಲಿ ಸಂದಿ ಎಲ್ಲಿದೆ ಸಾರ್, ಎಲ್ಲಾ ಸೈಟೇ" ಎಂದ. ನಮಗೆ ಮಾತು ಹೊರಡಲಿಲ್ಲ.

ಆ ನಕ್ಷೆ ಮೊದಲಿಗೆ ಕಾನೂನೇನೂ ಆಗಿರಲಿಲ್ಲ, ಒಂದು ಸಲಹೆ ಅಷ್ಟೇ. ಆದರೂ ಹತ್ತಾರು ವರ್ಷ ಎಲ್ಲರೂ ಅದನ್ನು ಕಣ್ಣ ಮುಂದಿಟ್ಟುಕೊಂಡೇ ನಡೆದರು. ವಿದ್ಯುತ್ ರೈಲು 1953ರಲ್ಲಿ ಗ್ಲೋಸ್ಟ್ರುಪ್‌ವರೆಗೆ, 1963ರಲ್ಲಿ ಟೋಸ್ಟ್ರುಪ್‌ವರೆಗೆ ಬಂತು. 1960ರ ದಶಕದಲ್ಲಿ ಪಕ್ಕದಲ್ಲೇ ಆಲ್ಬರ್ಟ್ಸ್‌ಲುಂಡ್ ಎಂಬ ಇಡೀ ಹೊಸ ಉಪನಗರ ಎದ್ದಿತು. 1967ರಿಂದ ಬೆರಳುಗಳ ನಡುವಿನ ಹೊಲಗಳಲ್ಲಿ ಗಿಡ ನೆಟ್ಟು ವೆಸ್ಟ್‌ಸ್ಕೋವೆನ್, ಅಂದರೆ ಪಡುವಣ ಕಾಡು, ಬೆಳೆಸಿದರು. ನಗರ ಬರುತ್ತದೆ ಎಂದು ಗೊತ್ತಾದ ಮೇಲೆ ಕಾಡು ನೆಟ್ಟವರು ಅವರು! ಅರವತ್ತು ವರ್ಷದ ನಂತರ, 2007ರಲ್ಲಿ, ಆ ಬೆರಳು ಯೋಜನೆಗೆ ಸರ್ಕಾರದ ನಿರ್ದೇಶನದ ಬಲವೂ ಸಿಕ್ಕಿತು.

ಆದರೆ ನಕ್ಷೆ ಎಷ್ಟೇ ಚೆನ್ನಾಗಿದ್ದರೂ ಸ್ಟೇಷನ್ ಊರಿನ ಪಾಡು ಸುಲಭದ್ದಾಗಲಿಲ್ಲ. 1975ರಲ್ಲಿ ಊರಿನ ಪಶ್ಚಿಮಕ್ಕೆ ಸಿಟಿ ಟು ಎಂಬ ದೊಡ್ಡ ಮಾಲ್ ತೆರೆಯಿತು. 1986ರಲ್ಲಿ ಅದೇ ಕಡೆ, ಹಳೆಯ ಚರ್ಚಿನ ಹಳ್ಳಿಯ ಹತ್ತಿರ, ಹೊಯೆ ಟೋಸ್ಟ್ರುಪ್ ಎಂಬ ದೊಡ್ಡ ಸ್ಟೇಷನ್ ಕಟ್ಟಿದರು. ದೂರದ ರೈಲುಗಳೆಲ್ಲ ಅಲ್ಲಿ ನಿಲ್ಲತೊಡಗಿದವು. ಅಂಗೈಯಿಂದ ಬಂದ ವಿದ್ಯುತ್ ರೈಲಿಗೂ ಅದೇ ಕೊನೆಯ ನಿಲ್ದಾಣವಾಯಿತು. ಬಯಲಿಗೆ ಹೋಗಿದ್ದ ಹೆಸರು 139 ವರ್ಷದ ಮೇಲೆ ಮೇಲೂರಿಗೆ ವಾಪಸು ಬಂದಂತಾಯಿತು. ಮೊದಲು ಚರ್ಚಿನ ಹತ್ತಿರವಿದ್ದ ಊರಿನ ನಡುಮನೆ 1847ರಲ್ಲಿ ಸ್ಟೇಷನ್ನಿಗೆ ಬಂತು. ಈಗ ಅದೂ ಬದಿಗೆ ಸರಿಯಿತು.

ಇದನ್ನು ಓದುವಾಗ ನಮಗೆ ನಮ್ಮ ಶಾಲೆಯೇ ಕಣ್ಣೆದುರು ಬಂತು. ನಮ್ಮದು ಹಳೆಯ ಪೇಟೆಯ ಶಾಲೆ. ಒಂದು ಕಾಲಕ್ಕೆ ಊರಿನ ನಡುವೆಯೇ ಇದ್ದೆವು. ಸಂತೆಗೆ ಬಂದವರು, ಕೋರ್ಟಿಗೆ ಬಂದವರು ಮಕ್ಕಳನ್ನು ಇಲ್ಲಿಗೇ ಸೇರಿಸುತ್ತಿದ್ದರು. ನಾವು ಒಂದಿಂಚೂ ಅಲ್ಲಾಡಿಲ್ಲ. ಊರೇ ಅಲ್ಲಾಡಿ ಬೈಪಾಸಿನ ಆಚೆಗೆ ಹೋಯಿತು. 2019ರಲ್ಲಿ ಹೊಸೂರು ಮಹಾನಗರ ಪಾಲಿಕೆಯೂ ಆಯಿತು. ಹೊಸ ಲೇಔಟುಗಳಲ್ಲಿ ಕನ್ನಡದ ಮನೆಗಳು ಬೇಕಾದಷ್ಟಿವೆ. ಅವರ ಮನೆ ಬಾಗಿಲಿಗೆ ಇಂಗ್ಲಿಷ್ ಶಾಲೆಯ ಹಳದಿ ವ್ಯಾನು ಬರುತ್ತದೆ. ಈ ಜೂನ್‌ನಲ್ಲಿ ನಮ್ಮ ಒಂದನೇ ತರಗತಿಗೆ ಸೇರಿದ್ದು ಒಂಬತ್ತು ಮಕ್ಕಳು.

ಟೋಸ್ಟ್ರುಪ್‌ನ ಕಥೆಯಲ್ಲಿ ನಮ್ಮನ್ನು ನಿಜಕ್ಕೂ ಕಾಡಿದ ಭಾಗ ಮುಂದೆ ಇದೆ.

1960ರ ದಶಕದ ಕೊನೆಗೆ ಡೆನ್ಮಾರ್ಕಿನ ಕಾರ್ಖಾನೆಗಳಿಗೆ ಆಳು ಸಾಲಲಿಲ್ಲ. ತುರ್ಕಿ, ಯುಗೋಸ್ಲಾವಿಯ, ಪಾಕಿಸ್ತಾನಗಳಿಂದ ಕೆಲಸಗಾರರು ಬಂದರು. 1973ರಲ್ಲಿ ಸರ್ಕಾರ ಹೊಸಬರು ಬರುವುದನ್ನು ನಿಲ್ಲಿಸಿತು, ಆದರೆ ಬಂದವರು ಹೆಂಡತಿ ಮಕ್ಕಳನ್ನು ಕರೆಸಿಕೊಂಡು ನೆಲೆಸಿದರು. ಬಹಳ ಮಂದಿಗೆ ಮನೆ ಸಿಕ್ಕಿದ್ದು ಇಂಥ ಉಪನಗರಗಳಲ್ಲೇ. ಟೋಸ್ಟ್ರುಪ್‌ನಲ್ಲಿ 1970ರ ದಶಕದ ಆರಂಭದಲ್ಲಿ ಕಟ್ಟಿದ ಟೋಸ್ಟ್ರುಪ್‌ಗೋರ್ ಎಂಬ ದೊಡ್ಡ ವಸತಿ ಸಮುಚ್ಚಯವಿದೆ. ಅಲ್ಲಿ ಅವರ ಮಕ್ಕಳು, ಮೊಮ್ಮಕ್ಕಳು ಬೆಳೆದರು.

ಆ ಮಕ್ಕಳಿಗೆ ಶಾಲೆಯಲ್ಲಿ ಡೇನಿಷ್ ಜೊತೆಗೆ ಅವರ ತಾಯ್ನುಡಿಯನ್ನೂ ಕಲಿಸುವ ಏರ್ಪಾಡು ಮೊದಲು ಇತ್ತು. ಸ್ಥಳೀಯ ಆಡಳಿತವೇ ಅದರ ಹೊಣೆ ಹೊರಬೇಕಿತ್ತು. 2002ರಲ್ಲಿ ಆ ಹೊಣೆಯನ್ನು ತೆಗೆದುಹಾಕಿದರು. ಯುರೋಪಿನ ಒಕ್ಕೂಟದ ಕಡೆಯ ದೇಶಗಳವರಿಗೆ, ಗ್ರೀನ್‌ಲ್ಯಾಂಡ್ ಮತ್ತು ಫೆರೋ ದ್ವೀಪದವರಿಗೆ ಉಳಿಯಿತು, ತುರ್ಕಿ, ಉರ್ದು, ಅರಬ್ಬಿ ಮಾತಿನ ಮಕ್ಕಳಿಗೆ ಹೋಯಿತು. 2018ರಲ್ಲಿ ಇನ್ನೊಂದು ಕಾನೂನು ಬಂತು. ಬಡತನ, ಶಿಕ್ಷಣ, ಅಪರಾಧ ಮೊದಲಾದ ಲೆಕ್ಕಗಳ ಜೊತೆಗೆ, ಹೊರಗಿನಿಂದ ಬಂದವರು ಅರ್ಧಕ್ಕಿಂತ ಹೆಚ್ಚಿರುವ ಬಡಾವಣೆಗಳ ಪಟ್ಟಿ ಮಾಡಿದರು. ವರ್ಷಗಟ್ಟಲೆ ಪಟ್ಟಿಯಲ್ಲಿ ಉಳಿದ ಕಡೆ ಅಗ್ಗದ ಬಾಡಿಗೆಯ ಸಾರ್ವಜನಿಕ ಮನೆಗಳ ಪಾಲನ್ನು 2030ರೊಳಗೆ ಶೇ. 40ಕ್ಕೆ ಇಳಿಸಬೇಕು ಎಂಬ ಕಟ್ಟಳೆ. ಟೋಸ್ಟ್ರುಪ್‌ಗೋರ್ ಆ ಪಟ್ಟಿಯಲ್ಲಿತ್ತು.

ನಮ್ಮ ಹುಡುಗ ಹೇಳಿದ. ಅವನ ಮೆಟ್ಟಿಲ ಪಕ್ಕದ ಮನೆಯಲ್ಲಿ ಒಬ್ಬರು ವಯಸ್ಸಾದ ತುರ್ಕಿ ತಾಯಿ ಇದ್ದಾರೆ. ಅವರ ಮಗ ತುರ್ಕಿ ಓದಿ ಬರೆಯುತ್ತಾನೆ, ಶಾಲೆಯಲ್ಲೇ ಕಲಿತದ್ದು. ಮೊಮ್ಮಗಳಿಗೆ ಅಜ್ಜಿ ಆಡಿದ್ದು ಅರ್ಥವಾಗುತ್ತದೆ, ಅಕ್ಷರ ಬರುವುದಿಲ್ಲ. "ಆ ಅಜ್ಜಿ ಊರಿಂದ ಬಂದ ಹಳೇ ಕಾಗದ ಇಟ್ಕೊಂಡಿದ್ದಾರೆ ಸಾರ್. ಮುಂದೆ ಓದೋರಿಲ್ಲ ಅಂತಾರೆ."

ಇದನ್ನು ಕೇಳಿ ಡೇನರ ಮೇಲೆ ಸಿಟ್ಟು ಮಾಡಿಕೊಂಡು ಕೂರುವುದು ಸುಲಭ. ಆದರೆ ಇನ್ನೊಂದು ಸಂಗತಿಯೂ ಗೊತ್ತಾಯಿತು. ನುಡಿಗಾಗಿ ಗಡಿಯಲ್ಲಿ ಶಾಲೆ ಕಟ್ಟುವುದೆಂದರೆ ಏನೆಂದು ಬಲ್ಲ ಜನ ಅವರು. 1844ರಲ್ಲಿ, ಅಂದರೆ ತರಂಗಂಬಾಡಿ ಮಾರುವ ಹಿಂದಿನ ವರ್ಷ, ದಕ್ಷಿಣದ ಗಡಿಸೀಮೆಯ ರೊಡ್ಡಿಂಗ್ ಎಂಬಲ್ಲಿ ಅವರ ಮೊದಲ ಜನತಾ ಪ್ರೌಢಶಾಲೆ ತೆರೆಯಿತು. ಜರ್ಮನ್ ಭಾಷೆಯ ಒತ್ತಡದ ನಡುವೆ ಡೇನಿಷ್ ಉಳಿಯಲಿ ಎಂಬುದೇ ಅದರ ಉದ್ದೇಶವಾಗಿತ್ತು. 1864ರ ಯುದ್ಧದಲ್ಲಿ ಆ ಸೀಮೆ ಕೈತಪ್ಪಿದಾಗ ಮೇಷ್ಟ್ರುಗಳು ಹೊಸ ಗಡಿಯ ಈಚೆಗೆ ಬಂದು ಆಸ್ಕೋವ್ ಎಂಬಲ್ಲಿ ಮತ್ತೆ ಪಾಠ ಶುರುಮಾಡಿದರು. 1920ರಲ್ಲಿ ಜನಮತದಿಂದ ಗಡಿ ಗುರುತಿಸಿದ ಮೇಲೂ ಎರಡೂ ಕಡೆ ಆಚೆಯ ಮಾತಿನವರು ಉಳಿದರು. 1955ರಲ್ಲಿ ಎರಡೂ ದೇಶಗಳು ಒಂದೊಂದು ಘೋಷಣೆ ಹೊರಡಿಸಿ, ತಮ್ಮ ನೆಲದ ಅಲ್ಪಸಂಖ್ಯಾತರ ಹಕ್ಕನ್ನು ಒಪ್ಪಿಕೊಂಡವು. ಇಂದಿಗೂ ಜರ್ಮನಿಯ ನೆಲದಲ್ಲಿ ನಲವತ್ತಕ್ಕೂ ಹೆಚ್ಚು ಡೇನಿಷ್ ಶಾಲೆಗಳಿವೆ. ಈಚೆ ಡೆನ್ಮಾರ್ಕಿನಲ್ಲಿ ಜರ್ಮನ್ ಶಾಲೆಗಳಿವೆ.

ಒಂದೇ ದೇಶ. ಗಡಿಯಲ್ಲಿ ತನ್ನ ಮಾತಿಗೆ ನೂರೆಂಬತ್ತು ವರ್ಷ ಕಾವಲು ಕಾದಿದೆ. ರೈಲು ಹಾದಿಯ ಉಪನಗರದಲ್ಲಿ ಇನ್ನೊಬ್ಬರ ಮಾತಿನ ಪಾಠವನ್ನು ಒಂದು ತಿದ್ದುಪಡಿಯಲ್ಲಿ ನಿಲ್ಲಿಸಿದೆ. ವ್ಯತ್ಯಾಸ ಎಲ್ಲಿದೆ ಎಂದು ನಾವು ಸ್ಟಾಫ್ ರೂಮಿನಲ್ಲಿ ಬಹಳ ಹೊತ್ತು ಮಾತಾಡಿದೆವು. ನಮಗೆ ತೋಚಿದ್ದು ಇಷ್ಟು. ಗಡಿಯ ಶಾಲೆಗಳ ಹಿಂದೆ ಸಂಘವಿತ್ತು, ದುಡ್ಡು ಹಾಕುವ ಪೋಷಕರಿದ್ದರು, ಸಹಿ ಬಿದ್ದ ಕಾಗದವಿತ್ತು. ಉಪನಗರದ ತಾಯ್ನುಡಿ ತರಗತಿ ಆಡಳಿತ ಕೊಟ್ಟದ್ದು, ಹಾಗಾಗಿ ಆಡಳಿತ ಹಿಂತೆಗೆದುಕೊಂಡಿತು. ಊರು ಬೆಳೆಯುವಾಗ ಕಾಡು ಉಳಿಯಲಿ ಎಂದು ಮುಂಚೆಯೇ ನಕ್ಷೆ ಬರೆದವರಿದ್ದರು. ಮಾತು ಉಳಿಯಲಿ ಎಂದು ಯಾರೂ ಸಂದಿ ಬಿಟ್ಟಿರಲಿಲ್ಲ.

ನಾವೂ ಇದರಲ್ಲಿ ತಪ್ಪಿತಸ್ಥರೇ. ತಮಿಳುನಾಡಿನಲ್ಲಿ 2006ರ ಕಲಿಕೆಯ ಕಾಯ್ದೆ ಬಂದು ತಮಿಳು ಕಡ್ಡಾಯವಾದಾಗ, ಹತ್ತನೇ ತರಗತಿಯ ಮಕ್ಕಳು ತಾಯ್ನುಡಿಯ ಪತ್ರಿಕೆ ಬರೆಯಲು ವಿನಾಯಿತಿ ಕೇಳಿ ಅಲ್ಪಸಂಖ್ಯಾತ ಭಾಷೆಯವರು ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ತಮಿಳು ಕಲಿಯುವುದಕ್ಕೆ ನಮ್ಮ ವಿರೋಧವೇನಿಲ್ಲ, ನಮ್ಮ ಮಕ್ಕಳು ಅಂಗಡಿ ಬೀದಿಯಲ್ಲೇ ಮೂರು ಭಾಷೆ ಕಲಿತು ಬರುತ್ತಾರೆ. ಆದರೆ ಆ ಸಂಕಟದ ದಿನಗಳಲ್ಲಿ ನಾವು ಓಡಾಡಿದ್ದು ಪರೀಕ್ಷೆಗಾಗಿ ಮಾತ್ರ. ಹೊಸ ಲೇಔಟಿನ ಮನೆಗಳಿಗೆ ಹೋಗಿ, "ಅಮ್ಮಾ, ಮಗೂನ ನಮ್ಮ ಶಾಲೆಗೆ ಕಳಿಸಿ" ಎಂದು ಎಷ್ಟು ಸಲ ಬಾಗಿಲು ತಟ್ಟಿದೆವು? ಲೆಕ್ಕ ಹಾಕಿದರೆ ನಾಚಿಕೆಯಾಗುತ್ತದೆ.

ಮರುವಾರ ಎಂಟನೇ ತರಗತಿಯಲ್ಲಿ ಈ ಕಥೆಯನ್ನೆಲ್ಲ ಹೇಳಿ ಮುಗಿಸಿದೆವು. ಪ್ರಶ್ನೆ ಕೇಳಿದ್ದ ಹುಡುಗಿ ಗಮನವಿಟ್ಟು ಕೇಳಿದಳು. ಕೊನೆಗೆ ಮತ್ತೆ ಎದ್ದಳು. ಈ ಹುಡುಗಿ ಎದ್ದರೆ ನಮಗೆ ಈಗ ಭಯ! "ಅಲ್ಲಿರೋ ಅಣ್ಣನ ಮಗಳಿಗೆ ಕನ್ನಡ ಅಕ್ಷರ ಬರತ್ತಾ ಸಾರ್?"

ಅದನ್ನು ನಾವು ಅವನಿಗೆ ಕೇಳಿಯೇ ಇರಲಿಲ್ಲ. ಅಂದು ಸಂಜೆ ಫೋನಿನಲ್ಲಿ ಕೇಳಿದಾಗ ಆ ಕಡೆ ಸ್ವಲ್ಪ ಹೊತ್ತು ಮೌನ. "ಮಾತಾಡ್ತಾಳೆ ಸಾರ್. ಬರೆಯಕ್ಕೆ ಬರಲ್ಲ. ಟೈಮೇ ಆಗಲ್ಲ" ಎಂದ. ನಮ್ಮ ಶಾಲೆಯಲ್ಲಿ ಹತ್ತು ವರ್ಷ ಕನ್ನಡದಲ್ಲಿ ಓದಿದವನ ಮನೆಯಲ್ಲೇ ಹೀಗೆ. ಬೈಯೋಣ ಎನ್ನಿಸಿತು, ಬೈಯಲಿಲ್ಲ. ನಮ್ಮ ಮನೆಗಳಲ್ಲೂ ಮೊಮ್ಮಕ್ಕಳ ಕಥೆ ಇದೇ.

ಈಗ ಭಾನುವಾರ ನಮ್ಮೂರ ಸಂಜೆ ಐದಕ್ಕೆ, ಅವರ ಮಧ್ಯಾಹ್ನಕ್ಕೆ, ಮುಕ್ಕಾಲು ಗಂಟೆ ವಿಡಿಯೋ ಪಾಠ ನಡೆಯುತ್ತಿದೆ. ಕಲಿಸುವುದು ನಾವಲ್ಲ. ಪ್ರಶ್ನೆ ಕೇಳಿದ ಹುಡುಗಿಯೇ ಸ್ಲೇಟು ಹಿಡಿದು ಕೂರುತ್ತಾಳೆ. ನಾವು ಪಕ್ಕದಲ್ಲಿ ಕೂತು ಕಾಗುಣಿತ ತಪ್ಪಿದರೆ ತಿದ್ದುತ್ತೇವೆ. ಆ ಪುಟ್ಟ ಮಗು ಹೋದ ವಾರ ಊರಿನ ಹೆಸರು ಬರೆದು ತೋರಿಸಿತು. "ಟೋಸ್ಟ್ರುಪ್" ಎಂಬುದರಲ್ಲಿ ಎರಡು ಒತ್ತಕ್ಷರ ಒಂದರ ಕೆಳಗೊಂದು. ಮೂರು ಸಲ ಅಳಿಸಿ ನಾಲ್ಕನೇ ಸಲ ಸರಿಯಾಗಿ ಬರೆಯಿತು.

ಆ ಜೊತೆಗೆ ಇನ್ನೊಂದು ಕೆಲಸ ಹಮ್ಮಿಕೊಂಡಿದ್ದೇವೆ. ಈ ದಸರಾ ರಜೆಯಲ್ಲಿ ಶಾಲೆಯ ಎಲ್ಲ ಶಿಕ್ಷಕರೂ ಇಬ್ಬಿಬ್ಬರಂತೆ ಹೊಸ ಲೇಔಟುಗಳ ಮನೆ ಮನೆಗೆ ಹೋಗುವುದು. ಒಂದು ದೊಡ್ಡ ಹಾಳೆಯಲ್ಲಿ ಅಂಗೈ ಬಿಡಿಸಿ ಯಾವ ಬೆರಳಿಗೆ ಯಾರು ಎಂದು ಹೆಸರು ಬರೆದು ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿದ್ದೇವೆ. ಬೇರೆ ಊರಿನ ಗಡಿ ಶಾಲೆಯವರು ಇಂಥ ಪ್ರಯತ್ನ ಮಾಡಿದ್ದರೆ ದಯವಿಟ್ಟು ತಿಳಿಸಿ. ಮುಂದಿನ ಜೂನ್‌ಗೆ ಒಂಬತ್ತು ಹತ್ತಾದರೂ ನಾವು ನಿಮಗೆ ಬರೆದು ಹೇಳುತ್ತೇವೆ.